ಎಸ್‌ಎಂಎ ಇರುವ ಮಗಳ ಔಷಧಿಗೆ ದುಡ್ಡು ಹೊಂದಿಸುವುದು ಹೇಗೆ? ಕೊಡಗಿನವರು, ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ

ನಾಪೋಕ್ಲು_ಅಪ್ಪ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು.

ಮಗಳಿಗೆ ಐದು ತುಂಬಿ ಆರು ನಡೆಯುತ್ತಿದೆ, ತೂಕ 14 ಕೆಜಿ. ಮಾತು ಪಟಪಟ. ಕೂರಿಸಿದರೆ ಕೂರುತ್ತಾಳೆ, ಆದರೆ ಒಂದು ದಿನವೂ ಎದ್ದು ನಿಂತಿಲ್ಲ. ‘ಕೆಲವು ಮಕ್ಕಳು ತಡ, ನಡೀತಾಳೆ ಬಿಡಿ’ ಅಂತ ಎಲ್ಲರೂ ಹೇಳುತ್ತಿದ್ದರು. ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಕೂರಿಸಿ ಎರಡು ವರ್ಷ ಕಳೆದುಬಿಟ್ಟೆವು. ಕಳೆದ ತಿಂಗಳು ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ (ಎಸ್‌ಎಂಎ), ಸ್ನಾಯುಗಳು ಬಲ ಕಳೆದುಕೊಳ್ಳುವ ಕಾಯಿಲೆ, ಟೈಪ್ 2. ಎಸ್‌ಎಂಎನ್‌1 ಅನ್ನುವ ಜೀನ್‌ನ ದೋಷ ನಮ್ಮಿಬ್ಬರಿಂದಲೂ ಅವಳಿಗೆ ಬಂದಿದೆಯಂತೆ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವಲ್ಲ ಡಾಕ್ಟ್ರೇ ಅಂದಿದ್ದಕ್ಕೆ, ದೋಷದ ಜೀನ್ ಒಂದನ್ನು ಮಾತ್ರ ಹೊತ್ತ ವಾಹಕರಿಗೆ ಏನೂ ಆಗುವುದಿಲ್ಲ, ಇಬ್ಬರು ವಾಹಕರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು ಇರುತ್ತದೆ ಅಂದರು.

ರಿಸ್ಡಿಪ್ಲಾಮ್ ಅಂತ ಬಾಯಿಗೆ ಹಾಕುವ ಔಷಧಿ ಇದೆಯಂತೆ, ಜೀವನಪೂರ್ತಿ ಕೊಡಬೇಕಂತೆ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಒಂದು ಬಾಟಲಿಗೆ ಆರು ಲಕ್ಷಕ್ಕೂ ಮೇಲೆ ಅಂತ ಬಂತು. ಇನ್ನೊಂದು ಕಡೆ 16 ಕೋಟಿಯ ಇಂಜೆಕ್ಷನ್ ಅಂತ. ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲ.

ನಮಗಿರುವುದು ಎರಡೂವರೆ ಎಕರೆ ಕಾಫಿ, ಮಧ್ಯದಲ್ಲಿ ಕರಿಮೆಣಸು. ಅದೂ ಜಮ್ಮಾ ಬಾಣೆ, ಅಂದರೆ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ವಂಶಪಾರಂಪರ್ಯದ ಜಮೀನು, ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರು. ಮಾರುತ್ತೇನೆ ಅಂದರೂ ಸುಲಭವಿಲ್ಲ, ಅಡ ಇಡುತ್ತೇನೆ ಅಂದರೂ ಬ್ಯಾಂಕಿನವರು ಹತ್ತು ಸಹಿ ಕೇಳುತ್ತಾರೆ. ಕಾರ್ಡು ಎಪಿಎಲ್. ಈಗ ರೋಬಸ್ಟಾ ಕೊಯ್ಲು ನಡೆಯುತ್ತಿದೆ, ವ್ಯಾಪಾರಿ ಹತ್ತಿರ ಮುಂಗಡ ಕೇಳಬಹುದು. ವಿಡಿಯೋ ಮಾಡಿ ಹಾಕು, ಜನ ದುಡ್ಡು ಕಳಿಸುತ್ತಾರೆ ಅಂತ ತಮ್ಮ ಹೇಳುತ್ತಿದ್ದಾನೆ. ಎಲ್ಲಿಂದ ಶುರು ಮಾಡಲಿ?

ಕುಶಾಲನಗರದ_ಅಮ್ಮ

ಅಣ್ಣ, ಮೊದಲು ನಿಮ್ಮ ಮನೆಯವರನ್ನು ಊಟಕ್ಕೆ ಕೂರಿಸಿ. ನೀವು ನೋಡಿದ್ದು ಹಳೇ ಬೆಲೆ.

ನನ್ನ ಮಗನಿಗೂ ಇದೇ ಕಾಯಿಲೆ, ಟೈಪ್ 2. ಈಗ ಒಂಬತ್ತು ವರ್ಷ. ನಾವು ಶುರು ಮಾಡಿದಾಗ ಭಾರತದಲ್ಲಿ ಸಿಗುತ್ತಿದ್ದದ್ದು ರೋಶ್ ಕಂಪನಿ ಎವ್ರಿಸ್ಡಿ ಹೆಸರಿನಲ್ಲಿ ಮಾರುವ ರಿಸ್ಡಿಪ್ಲಾಮ್ ಒಂದೇ, ಬಾಟಲಿಗೆ ಸುಮಾರು 6.2 ಲಕ್ಷ. ಆಮೇಲೆ ಹೈದರಾಬಾದಿನ ನ್ಯಾಟ್ಕೊ ಕಂಪನಿ ಇದೇ ಔಷಧಿಯನ್ನು ತಾನು ಮಾಡುತ್ತೇನೆ ಅಂತ ಹೊರಟಿತು, ಪೇಟೆಂಟ್ ವಿಷಯ ಕೋರ್ಟಿಗೆ ಹೋಯಿತು. 2025ರ ಅಕ್ಟೋಬರ್ 9ಕ್ಕೆ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ತಡೆ ಕೊಡುವುದಿಲ್ಲ ಅಂದಿತು. 17ನೇ ತಾರೀಕು ಸುಪ್ರೀಂ ಕೋರ್ಟೂ ಅದರಲ್ಲಿ ಕೈ ಹಾಕಲಿಲ್ಲ. ಕೂಡಲೇ ನ್ಯಾಟ್ಕೊ ಬಾಟಲಿ ಮಾರುಕಟ್ಟೆಗೆ ಬಂತು, ಎಂಆರ್‌ಪಿ 15,900 ರೂಪಾಯಿ. ಆರು ಲಕ್ಷ ಎಲ್ಲಿ, ಹದಿನಾರು ಸಾವಿರ ಎಲ್ಲಿ! ಆ ಸುದ್ದಿ ಓದಿದ ದಿನ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ, ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಇನ್ನು 16 ಕೋಟಿ ಇಂಜೆಕ್ಷನ್ ವಿಚಾರ ತಲೆಯಿಂದ ತೆಗೆಯಿರಿ. ನೀವು ನೋಡಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವ ಜೀನ್ ಚಿಕಿತ್ಸೆ.

ಈಗ ಮುಖ್ಯ ಮಾತು. ಕೇಂದ್ರ ಸರ್ಕಾರದ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಅಂತ 2021ರಲ್ಲಿ ಬಂದಿದೆ. ಮೊದಲು ಅದರಲ್ಲಿ 20 ಲಕ್ಷದ ನೆರವು, ಅದೂ ಒಂದು ಸಲದ ಚಿಕಿತ್ಸೆಗೆ ವಾಸಿಯಾಗುವ ಕಾಯಿಲೆಗಳಿಗೆ ಮಾತ್ರ ಇತ್ತು. 2022ರ ಮೇ ತಿಂಗಳಲ್ಲಿ ಅದನ್ನು ಎಲ್ಲಾ ಗುಂಪಿನ ಕಾಯಿಲೆಗಳಿಗೂ ಒಬ್ಬ ರೋಗಿಗೆ 50 ಲಕ್ಷದವರೆಗೆ ಅಂತ ಮಾಡಿದರು. ಎಸ್‌ಎಂಎ ಮೂರನೇ ಗುಂಪಿನಲ್ಲಿದೆ, ಅಂದರೆ ಔಷಧಿ ಇದೆ, ಬೆಲೆ ವಿಪರೀತ, ಜೀವನವಿಡೀ ಬೇಕು. ಆ ದುಡ್ಡು ನಿಮ್ಮ ಖಾತೆಗೆ ಬರುವುದಿಲ್ಲ. ಉತ್ಕೃಷ್ಟತಾ ಕೇಂದ್ರ ಅಂತ ಗುರುತಿಸಿದ ಆಸ್ಪತ್ರೆಗೆ ಬರುತ್ತದೆ, ಅವರೇ ಔಷಧಿ ಖರೀದಿ ಮಾಡಿ ಕೊಡುತ್ತಾರೆ. ನಮ್ಮ ಕರ್ನಾಟಕಕ್ಕೆ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಎರಡೂ ಸೇರಿ. ಮಗುವನ್ನು ಕರೆದುಕೊಂಡು ಹೋಗಬೇಕಾದದ್ದು ನಿಮ್ಹಾನ್ಸ್ ಪಕ್ಕದ ಮಕ್ಕಳ ಆಸ್ಪತ್ರೆಗೆ. ಉತ್ಕೃಷ್ಟತಾ ಕೇಂದ್ರದಲ್ಲಿ ಹೆಸರು ನೋಂದಾಯಿಸದೆ ಬೇರೆ ಯಾವ ಬಾಗಿಲಿಗೆ ಹೋದರೂ ಈ ಹಣ ಇಲ್ಲ. ನಾವು ಇದು ಗೊತ್ತಿಲ್ಲದೆ ಖಾಸಗಿ ಆಸ್ಪತ್ರೆಗಳನ್ನು ಸುತ್ತಿ ಎಂಟು ತಿಂಗಳು ಕಳೆದುಕೊಂಡೆವು. ಆ ಎಂಟು ತಿಂಗಳಲ್ಲಿ ಮಗ ಕೈ ಎತ್ತಿ ತಲೆ ಬಾಚಿಕೊಳ್ಳುವುದನ್ನು ಕಳೆದುಕೊಂಡ.

ಅಣ್ಣ, ನಮ್ಮ ಮಗನ 50 ಲಕ್ಷ ಹಳೇ ಬೆಲೆಗೇ ಕರಗಿಹೋಯಿತು. ಎಂಟು ಬಾಟಲಿ, ಅಷ್ಟೇ. ಕಂಪನಿಯ ನೆರವಿನ ಯೋಜನೆಯಲ್ಲಿ ಸಿಕ್ಕ ಬಾಟಲಿಗಳೂ ಸೇರಿ ಎಳೆದೆವು, ಮುಗಿದ ಮೇಲೆ ಏಳು ತಿಂಗಳು ಔಷಧಿ ಇಲ್ಲದೆ ಇದ್ದ. ನಿಮ್ಮ ಮಗಳ 50 ಲಕ್ಷ ಇನ್ನೂ ಇಡಿಯಾಗಿದೆ, ಹೊಸ ಬೆಲೆಗೆ ಸಿಗುತ್ತದೆ. ತಡ ಮಾಡಬೇಡಿ.

ಹಳೇ_ಫಾರ್ಮಸಿಸ್ಟ್_ಮಡಿಕೇರಿ

ಕುಶಾಲನಗರದ ಅಮ್ಮ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ನಿವೃತ್ತನಾಗಿದ್ದೇನೆ, ಆದರೂ ಲೆಕ್ಕ ಹಾಕುವ ಚಟ ಬಿಟ್ಟಿಲ್ಲ.

ಒಂದು ಬಾಟಲಿಯಲ್ಲಿ 60 ಮಿಲಿಗ್ರಾಂ ಔಷಧಿ. ಎರಡು ವರ್ಷ ದಾಟಿ 20 ಕೆಜಿಯೊಳಗಿರುವ ಮಗುವಿಗೆ ಕೆಜಿಗೆ 0.25 ಮಿಲಿಗ್ರಾಂ, ದಿನಕ್ಕೊಂದು ಸಲ. 20 ಕೆಜಿ ಮುಟ್ಟಿದ ಮೇಲೆ ದಿನಕ್ಕೆ 5 ಮಿಲಿಗ್ರಾಂ, ಆಮೇಲೆ ಎಷ್ಟು ಬೆಳೆದರೂ ಅಷ್ಟೇ. ನಿಮ್ಮ ಮಗಳಿಗೆ 14 ಕೆಜಿಗೆ ದಿನಕ್ಕೆ 3.5 ಮಿಲಿಗ್ರಾಂ. ಒಂದು ಬಾಟಲಿ 17 ದಿನ, ವರ್ಷಕ್ಕೆ 22 ಬಾಟಲಿ, ಎಂಆರ್‌ಪಿ ಕೊಟ್ಟರೂ 3.5 ಲಕ್ಷ. 20 ಕೆಜಿ ಆದ ಮೇಲೆ ಬಾಟಲಿ 12 ದಿನಕ್ಕೆ ಮುಗಿಯುತ್ತದೆ, ವರ್ಷಕ್ಕೆ 31, ಅಂದರೆ 4.9 ಲಕ್ಷದ ಹತ್ತಿರ. ಇದೇ 22 ಬಾಟಲಿಗೆ ಹಳೇ ಬೆಲೆಯಲ್ಲಿ 1.36 ಕೋಟಿ ಆಗುತ್ತಿತ್ತು. 50 ಲಕ್ಷಕ್ಕೆ ಹೊಸ ಬೆಲೆಯಲ್ಲಿ 314 ಬಾಟಲಿ. ತೂಕ ಏರಿದರೂ ಹತ್ತು ವರ್ಷಕ್ಕೆ ಮೋಸವಿಲ್ಲ. ಡೋಸು ಬರೆಯುವವರು ಡಾಕ್ಟರೇ, ನನ್ನದು ಖರ್ಚಿನ ಅಂದಾಜು ಮಾತ್ರ.

ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ರಿಸ್ಡಿಪ್ಲಾಮ್ ಮೇಲೆ ಜಿಎಸ್‌ಟಿ ಇಲ್ಲ, ಮೊದಲು ಶೇ 12 ಇತ್ತು. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ ಅಲ್ಲೇ ಕೇಳಿ.

ಬಾಟಲಿಯನ್ನು ಹುಷಾರಾಗಿ ನೋಡಿಕೊಳ್ಳಬೇಕು. ಅದು ಪುಡಿಯಾಗಿ ಬರುತ್ತದೆ, ಶುದ್ಧ ನೀರಿನಲ್ಲಿ ಅಳತೆ ಪ್ರಕಾರ ಕಲಸಬೇಕು. ಅದನ್ನು ಫಾರ್ಮಸಿಯಲ್ಲೇ ಮಾಡಿಸಿಕೊಳ್ಳಿ, ಮನೆಯಲ್ಲಿ ಬೇಡ. ಕಲಸಿದ ಮೇಲೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟು 64 ದಿನದೊಳಗೆ ಮುಗಿಸಬೇಕು. ಫ್ರೀಜರಿಗೆ ಹಾಕಬಾರದು. ನಿಮ್ಮ ನಾಪೋಕ್ಲು ಕಡೆ ಜೂನ್, ಜುಲೈನಲ್ಲಿ ಕರೆಂಟಿನ ಪಾಡು ನನಗೆ ಗೊತ್ತು. ಮಳೆ ಹಿಡಿಯುವುದಕ್ಕೆ ಮೊದಲೇ ಅದಕ್ಕೊಂದು ವ್ಯವಸ್ಥೆ ಮಾಡಿಕೊಳ್ಳಿ.

ಕುಶಾಲನಗರದ_ಅಮ್ಮ

ಹೌದು ಸರ್. ನಮ್ಮಲ್ಲಿ ಕರೆಂಟು ಹೋಗಿ ಆರು ಗಂಟೆ ಆಯಿತು ಅಂದರೆ ಬಾಟಲಿಯನ್ನು ಜನರೇಟರ್ ಇರುವ ಮೆಡಿಕಲ್ ಶಾಪಿಗೆ ಕೊಡುತ್ತೇನೆ. ಅವರು ಇನ್ಸುಲಿನ್ ಇಡುವ ಫ್ರಿಜ್ಜಿನಲ್ಲಿ ಮಗನ ಹೆಸರು ಬರೆದು ಇಟ್ಟುಕೊಳ್ಳುತ್ತಾರೆ, ಇಷ್ಟು ವರ್ಷದಲ್ಲಿ ಒಂದು ದಿನ ಬೇಡ ಅಂದಿಲ್ಲ.

ಕೊಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಕಂದು ಬಣ್ಣದ ಗಾಜಿನ ಬಾಟಲಿ, ಬಾಯಿಗೆ ಅಡಾಪ್ಟರ್ ಇರುತ್ತದೆ. ಸಿರಿಂಜ್ ಸಿಕ್ಕಿಸಿ ಬಾಟಲಿ ತಲೆಕೆಳಗು ಮಾಡಿ ಎಳೆಯಬೇಕು. ನನ್ನ ಮಗ 21 ಕೆಜಿ, ಅವನಿಗೆ 6.6 ಎಂಎಲ್ ಗೆರೆ. ಗುಳ್ಳೆ ಇದ್ದರೆ ಸಿರಿಂಜಿಗೆ ಬೆರಳಲ್ಲಿ ತಟ್ಟಿ ಮೇಲೆ ಬಿಡಿಸಿ ಮತ್ತೆ ಎಳೆಯುತ್ತೇನೆ. ಎಳೆದ ಐದು ನಿಮಿಷದೊಳಗೆ ಕುಡಿಸಬೇಕು, ಊಟವಾದ ಮೇಲೆ, ದಿನಾ ಒಂದೇ ಹೊತ್ತಿಗೆ, ಮೇಲೆ ಒಂದು ಗುಟುಕು ನೀರು. ಕೈ ಮೇಲೆ ಬಿದ್ದರೆ ಸೋಪು ಹಾಕಿ ತೊಳೆಯಬೇಕು. ರಾತ್ರಿ ಎಂಟಕ್ಕೆ ನಮ್ಮ ಮನೆಯಲ್ಲಿ ಯಾರ ಫೋನೂ ತೆಗೆಯುವುದಿಲ್ಲ.

ನಾಪೋಕ್ಲು_ಅಪ್ಪ

ಅಕ್ಕ, ಸರ್, ನಿಮ್ಮಿಬ್ಬರ ಬರಹವನ್ನೂ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. 3.5 ಲಕ್ಷ ಅನ್ನುವುದು ನಮಗೆ ಸಣ್ಣ ಮೊತ್ತ ಅಲ್ಲ, ಆದರೆ ಕಣ್ಣಿಗೆ ಕಾಣುವ ಮೊತ್ತ.

ಎಪಿಎಲ್ ಕಾರ್ಡು ಇದ್ದರೆ ಅರ್ಜಿ ತೆಗೆದುಕೊಳ್ಳುತ್ತಾರಾ? ಪಹಣಿಯಲ್ಲಿ ಇಡೀ ಒಕ್ಕದ ಜಮೀನು ಒಟ್ಟಿಗೆ ಕಾಣುತ್ತದೆ, ನೋಡಿದವರು ದೊಡ್ಡ ಪ್ಲಾಂಟರ್ ಅಂದುಕೊಳ್ಳುತ್ತಾರೆ.

ಗೋಣಿಕೊಪ್ಪ_ತಂಗಿ

ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಇದೇ ಜಮ್ಮಾ ಗೋಳು ನಮ್ಮದೂ. ನನ್ನ ತಮ್ಮನಿಗೆ ಗೌಶೆ ಕಾಯಿಲೆ. ದೇಹದಲ್ಲಿ ಒಂದು ಎಂಜೈಮ್ ಇಲ್ಲದೆ ಕೊಬ್ಬಿನಂಥ ಪದಾರ್ಥ ಗುಲ್ಮದಲ್ಲಿ, ಯಕೃತ್ತಿನಲ್ಲಿ, ಮೂಳೆಯೊಳಗೆ ತುಂಬಿಕೊಳ್ಳುತ್ತದೆ. ಚಿಕ್ಕವನಿದ್ದಾಗ ಹೊಟ್ಟೆ ಊದಿಕೊಂಡಿತ್ತು, ಪ್ಲೇಟ್‌ಲೆಟ್ ಕಡಿಮೆ, ಮೂಗಿನಲ್ಲಿ ರಕ್ತ. ಜಂತುಹುಳು ಅಂತ ಔಷಧಿ ಕೊಟ್ಟವರೂ ಇದ್ದಾರೆ.

ಎಪಿಎಲ್ ಅಂತ ಹೋಗದೇ ಇರಬೇಡಿ. ನಮ್ಮದೂ ಎಪಿಎಲ್, ಅರ್ಜಿ ತೆಗೆದುಕೊಂಡರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮಾತ್ರ ಕಾರ್ಡಿನ ವ್ಯತ್ಯಾಸ ಬರುತ್ತದೆ. ಬಿಪಿಎಲ್‌ಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ, ಆಪರೇಷನ್ನಿಗೆ. ದಿನಾ ಮನೆಯಲ್ಲಿ ಕುಡಿಸುವ ಔಷಧಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಮುಂದೆ ಬೆನ್ನುಮೂಳೆ ಸೊಟ್ಟಗಾಗಿ ಆಪರೇಷನ್ ಬೇಕಾಯಿತು ಅಂದರೆ ಆಗ ಉಪಯೋಗ.

ಜಮೀನಿನ ವಿಷಯಕ್ಕೆ ನಾವು ಮಾಡಿದ್ದು ಇಷ್ಟು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಹಾಕುವಾಗ ಪಹಣಿಯನ್ನು ಮಾತ್ರ ಕೊಡಲಿಲ್ಲ. ಒಕ್ಕದ ಹಿರಿಯರಿಂದ, ಈ ಜಾಗದಲ್ಲಿ ಇವರ ಅನುಭೋಗದಲ್ಲಿ ಇರುವುದು ಇಷ್ಟೇ ಎಕರೆ ಅಂತ ಬರೆಸಿ, ಸಹಿ ಮಾಡಿಸಿ, ಗ್ರಾಮ ಲೆಕ್ಕಾಧಿಕಾರಿಗೆ ತೋಟಕ್ಕೇ ಬಂದು ನೋಡಿ ಅಂತ ಕೇಳಿಕೊಂಡೆವು. ಅವರು ಬಂದರು, ಗಡಿಕಲ್ಲು ನೋಡಿದರು, ವರದಿ ಬರೆದರು. ಇದನ್ನು ಮಾಡದೆ ಮೊದಲ ಸಲ ಹಾಕಿದ ಅರ್ಜಿ ಒಂದು ಕಚೇರಿಯ ಮೇಜಿನ ಮೇಲೆ ಮೂರು ತಿಂಗಳು ಕೂತು, ‘ಆದಾಯ ಹೊಂದಿಕೆಯಾಗುತ್ತಿಲ್ಲ’ ಅಂತ ವಾಪಸ್ ಬಂತು. ಮೂರು ತಿಂಗಳು! ಒಂದು ಫೋನ್ ಮಾಡಿ ಹೇಳಿದ್ದರೆ ಮರುದಿನವೇ ತಂದು ಕೊಡುತ್ತಿದ್ದೆವು. ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರದ ಜೊತೆ ಹಾಕಿ. ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ನಮ್ಮ ಮೈಸೂರು–ಕೊಡಗು ಸಂಸದರ ಪತ್ರ ಮಾಡಿಸಿ, ಆ ಹಣ ನೇರ ಆಸ್ಪತ್ರೆಗೆ ಹೋಗುತ್ತದೆ. ಎರಡರಲ್ಲೂ ಸಿಗುವುದು ಖರ್ಚಿನ ಒಂದು ಭಾಗ. ಎರಡಕ್ಕೂ ಬೇಕಾದದ್ದು ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಸಹಿ, ಸೀಲು ಇರುವ ಅಂದಾಜು ವೆಚ್ಚದ ಪತ್ರ. ಅದರಲ್ಲಿ ಕಾಯಿಲೆಯ ಹೆಸರು, ಔಷಧಿಯ ಹೆಸರು, ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಸ್ಪಷ್ಟವಾಗಿ ಇರಲಿ. ನಿಲ್ಲಿಸಿದರೆ ಏನಾಗುತ್ತದೆ ಅಂತ ಒಂದು ಸಾಲು ಬರೆಸಿ. ಆ ಒಂದು ಸಾಲಿಲ್ಲದೆ ನಮ್ಮ ಮೊದಲ ಪತ್ರ ಕೆಲಸಕ್ಕೆ ಬರಲಿಲ್ಲ.

ಸುಂಟಿಕೊಪ್ಪ_ಹುಡುಗ

ಸರ್, ಒಂದು ಒಳ್ಳೇ ವಿಡಿಯೋ ಮಾಡಿ. ನಾನೇ ಎಡಿಟ್ ಮಾಡಿ ಕೊಡುತ್ತೇನೆ, ದುಡ್ಡು ಬೇಡ. ಕೊಡಗಿನವರು ಎಲ್ಲಾ ಊರಿನಲ್ಲೂ ಇದ್ದಾರೆ, ಸೈನ್ಯದಲ್ಲಿ ಇದ್ದಾರೆ, ದುಬೈನಲ್ಲಿ ಇದ್ದಾರೆ. ಒಂದೇ ವಾರದಲ್ಲಿ ಆಗಿಬಿಡುತ್ತದೆ.

ಗೋಣಿಕೊಪ್ಪ_ತಂಗಿ

ತಮ್ಮಾ, ನಿನ್ನ ಮನಸ್ಸು ದೊಡ್ಡದು. ಆದರೂ ಬೇಡ ಅನ್ನುತ್ತೇನೆ, ಕನಿಷ್ಠ ಈಗಲೇ ಬೇಡ.

ನಾವು ಮಾಡಿದ್ದೆವು. ತಮ್ಮನಿಗೆ ಆಗ ಹನ್ನೊಂದು ವರ್ಷ. ಅಂಗಿ ಎತ್ತಿ ಊದಿದ ಹೊಟ್ಟೆ ತೋರಿಸಿ ತೆಗೆದ ಫೋಟೋ. ದುಡ್ಡು ಬಂತು, ಸುಳ್ಳು ಹೇಳುವುದಿಲ್ಲ, ನಾಲ್ಕು ತಿಂಗಳ ಔಷಧಿಗೆ ಆಯಿತು. ಐದನೇ ತಿಂಗಳಿಗೆ ಯಾರೂ ಕೊಡಲಿಲ್ಲ. ಜನರ ಕರುಣೆ ಒಂದು ಸಲಕ್ಕೆ ಉಕ್ಕುತ್ತದೆ, ಈ ಕಾಯಿಲೆಗಳಿಗೆ ಹದಿನೈದು ದಿನಕ್ಕೊಂದು ಸಲ ದುಡ್ಡು ಬೇಕು. ಆ ಫೋಟೋ ಇವತ್ತಿಗೂ ಓಡಾಡುತ್ತಿದೆ. ಅವನೀಗ ಕಾಲೇಜಿನಲ್ಲಿದ್ದಾನೆ. ಹೋದ ವರ್ಷ ಯಾರೋ ಕ್ಲಾಸಿನ ಗ್ರೂಪಿನಲ್ಲಿ ಹಾಕಿದರಂತೆ. ಮೂರು ದಿನ ಕೋಣೆ ಬಿಟ್ಟು ಬರಲಿಲ್ಲ. ಇವರ ಮಗಳು ನಾಳೆ ದೊಡ್ಡವಳಾಗುತ್ತಾಳಲ್ಲವಾ?

ದಾನ ಕೊಡುವವರು ಇದ್ದರೆ ಆರೋಗ್ಯ ಸಚಿವಾಲಯದ್ದೇ ಒಂದು ಪೋರ್ಟಲ್ ಇದೆ, ಅಪರೂಪದ ಕಾಯಿಲೆಯವರಿಗೆ ಅಂತಲೇ. ಅಲ್ಲಿ ಉತ್ಕೃಷ್ಟತಾ ಕೇಂದ್ರದ ಮೂಲಕ ಹಣ ಹೋಗುತ್ತದೆ. ದುಬೈ ಅಣ್ಣಂದಿರಿಗೂ ಅದನ್ನೇ ತೋರಿಸಬಹುದು. ಅದಕ್ಕೂ ಮೊದಲು ನೋಂದಣಿ ಆಗಿರಬೇಕು.

ನನ್ನ ತಮ್ಮನ ಔಷಧಿ ಹೇಗೆ ನಡೆಯುತ್ತಿದೆ ಅಂತ ಕೇಳಿದವರಿಗೆ: ಅವನಿಗೆ ಇಮಿಗ್ಲುಸೆರೇಸ್, ಎರಡು ವಾರಕ್ಕೊಮ್ಮೆ ಡ್ರಿಪ್. ತೂಕದ ಲೆಕ್ಕದಲ್ಲಿ ಕೊಡುವುದರಿಂದ ಅವನು ಬೆಳೆದ ಹಾಗೆ ಖರ್ಚೂ ಬೆಳೆಯುತ್ತದೆ, ನಿಮ್ಮ ಔಷಧಿಯ ಹಾಗೆ ಒಂದು ತೂಕಕ್ಕೆ ನಿಲ್ಲುವುದಿಲ್ಲ. ನ್ಯಾಟ್ಕೊ ಬಾಟಲಿಯಂಥ ಅಗ್ಗದ ದಾರಿಯೂ ನಮಗೆ ಸಿಕ್ಕಿಲ್ಲ. ತಯಾರಕ ಕಂಪನಿಯ ಉಚಿತ ಔಷಧಿ ಯೋಜನೆಯಲ್ಲಿ ಅವನ ಹೆಸರು ಬಂದಿದೆ, ಅದರಿಂದ ಉಸಿರಾಡುತ್ತಿದ್ದೇವೆ. ಅಂಥ ಯೋಜನೆಗೆ ಮನೆಯವರು ಅರ್ಜಿ ಹಾಕಲು ಬರುವುದಿಲ್ಲ, ನೋಡುವ ಡಾಕ್ಟರೇ ಬರೆಯಬೇಕು. ಕೇಳಲು ನಾಚಿಕೊಳ್ಳಬೇಡಿ.

ಕುಶಾಲನಗರದ_ಅಮ್ಮ

ಅದಕ್ಕೇ ಸೇರಿಸಿ, ಅಣ್ಣ: ನ್ಯಾಟ್ಕೊದವರೂ ಅರ್ಹರಿಗೆ ರಿಯಾಯಿತಿ ಕೊಡುವ ಯೋಜನೆ ಮಾಡುತ್ತೇವೆ ಅಂತ ಬಿಡುಗಡೆ ಸಮಯದಲ್ಲೇ ಹೇಳಿದ್ದಾರೆ. ಡಾಕ್ಟರ ಹತ್ತಿರ ಅದನ್ನೂ ಕೇಳಿ. ಕ್ಯೂರ್ ಎಸ್‌ಎಂಎ ಫೌಂಡೇಶನ್ ಆಫ್ ಇಂಡಿಯಾ ಅಂತ ಅಪ್ಪ ಅಮ್ಮಂದಿರೇ ಕಟ್ಟಿದ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ಆರ್ಗನೈಸೇಶನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಇದೆ. ರಾತ್ರಿ ಎರಡು ಗಂಟೆಗೆ ಭಯವಾದಾಗ ಮಾತಾಡಲು ಅಂಥವರೇ ಬೇಕು.

ಆರೋಗ್ಯ_ಇಲಾಖೆ_ಅಕ್ಕ

ಇಲಾಖೆಯಲ್ಲಿ ಕೆಲಸ ಮಾಡುತ್ತೇನೆ, ಹೆಸರು ಬೇಡ. ಈ ಎಳೆಯನ್ನು ಬೇರೆ ಕಾಯಿಲೆಯವರೂ ಓದುತ್ತಿರುತ್ತಾರೆ ಅಂತ ಬರೆಯುತ್ತಿದ್ದೇನೆ. ನಿಮ್ಮ ಔಷಧಿ ಭಾರತದಲ್ಲಿ ಸಿಗದೆ ವಿದೇಶದಿಂದ ಸ್ವಂತಕ್ಕೆ ತರಿಸುವುದಾದರೆ, ಕಾಯಿಲೆ 2021ರ ನೀತಿಯ ಪಟ್ಟಿಯಲ್ಲಿದ್ದರೆ, 2023ರ ಏಪ್ರಿಲ್ 1ರಿಂದ ಮೂಲ ಆಮದು ಸುಂಕ ಪೂರ್ತಿ ಮನ್ನಾ. ವಿಶೇಷ ಆಹಾರಕ್ಕೂ ಅನ್ವಯ, ಅಂದರೆ ಮಾಮೂಲಿ ಆಹಾರದ ಪ್ರೋಟೀನು ಆಗಿಬರದ ಪಿಕೆಯು ಥರದ ಹುಟ್ಟು ಕಾಯಿಲೆಯ ಮಕ್ಕಳ ಹಾಲಿನ ಪುಡಿಗೂ. ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ, ಜಿಲ್ಲಾ ವೈದ್ಯಾಧಿಕಾರಿ ಅಥವಾ ಜಿಲ್ಲಾ ಸರ್ಜನ್ ಸಹಿ ಸಾಕು. ಅಂದರೆ ಮಡಿಕೇರಿಯಲ್ಲೇ ಆಗುತ್ತದೆ. ಇದು ನಮ್ಮ ಕಚೇರಿಗಳಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಆದೇಶದ ಪ್ರತಿ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಮಗುವಿಗೆ ಅಂಗವೈಕಲ್ಯದ ಯುಡಿಐಡಿ ಕಾರ್ಡು ಮಾಡಿಸಿ. ಔಷಧಿಗೆ ದುಡ್ಡು ಬರುವುದಿಲ್ಲ, ಆದರೆ ಮಾಸಾಶನ, ಬಸ್ ಪಾಸ್, ಅಪ್ಪನ ಆದಾಯ ತೆರಿಗೆಯಲ್ಲಿ ಕಡಿತ, ಎಲ್ಲಕ್ಕೂ ಅದೇ ಆಧಾರ.

ಪಾಲಿಬೆಟ್ಟ_ರೈಟರ್

ತೋಟದಲ್ಲಿ ರೈಟರ್ ಆಗಿದ್ದೇನೆ, ಅಂದರೆ ಲೆಕ್ಕ ಬರೆಯುವವನು. ಕೆಲಸಗಾರರ ಲೈನ್‌ಮನೆಯಲ್ಲಿ ಯರವ ಗಿರಿಜನರ ಒಂದು ಹುಡುಗ, ಆಗಾಗ ಕೈಕಾಲು ನೋವು ಅಂತ ಚೀರುತ್ತಾನೆ, ಕಣ್ಣು ಹಳದಿ. ಇದೂ ಇಂಥದ್ದೇ ಇರಬಹುದಾ?

ಆರೋಗ್ಯ_ಇಲಾಖೆ_ಅಕ್ಕ

ನೋಡದೆ ಹೇಳಬಾರದು, ಆದರೆ ಕುಡಗೋಲು ಕಣ ರಕ್ತಹೀನತೆಗೆ (ಸಿಕಲ್ ಸೆಲ್) ಪರೀಕ್ಷೆ ಆಗಲೇಬೇಕು. ಗಿರಿಜನರಿಗಾಗಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2023ರ ಜುಲೈನಲ್ಲಿ ಶುರುವಾಗಿದೆ, ತಪಾಸಣೆ ಉಚಿತ. ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅಪ್ಪ ಅಮ್ಮನಿಗೆ ಕೂಲಿ ಕತ್ತರಿಸಬೇಡಿ. ಜ್ವರ ಬಂದರೆ, ಉಸಿರು ಕಟ್ಟಿದರೆ ಕಾಯದೆ ಜಿಲ್ಲಾ ಆಸ್ಪತ್ರೆ.

ಪಾಲಿಬೆಟ್ಟ_ರೈಟರ್

ನಾಳೆ ನಾನೇ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಕ್ಕ.

ನಾಪೋಕ್ಲು_ಅಪ್ಪ

ಹದಿನಾರು ದಿನದ ಮೇಲೆ ಬರೆಯುತ್ತಿದ್ದೇನೆ.

ಪಟ್ಟೆದಾರರ ಮನೆಗೆ ಹೋಗಿ ವಿಷಯ ಹೇಳಿದೆ. ಅವರಿಗೆ ಎಂಬತ್ತು ದಾಟಿದೆ. ಕನ್ನಡಕ ಹಾಕಿಕೊಂಡು ಪತ್ರ ಎರಡು ಸಲ ಓದಿ, ಸಹಿ ಮಾಡಿ, ‘ಮುಂಚೆಯೇ ಯಾಕೆ ಹೇಳಲಿಲ್ಲ’ ಅಂತ ನನ್ನನ್ನು ಬೈದರು. ಮರುದಿನ ಒಕ್ಕದ ನಾಲ್ಕು ಮನೆಯವರು ಸೇರಿ ಐದು ಬಾಟಲಿಯ ದುಡ್ಡು ತಂದಿಟ್ಟರು. ಸಾಲ ಅಂತ ಬರೆದುಕೊಂಡಿದ್ದೇನೆ, ಅವರು ಬರೆದುಕೊಳ್ಳಲಿಲ್ಲ.

ಬೆಂಗಳೂರಿಗೆ ಹೋಗಿ ಬಂದೆವು. ಹೆಂಡತಿಗೆ ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ಟು, ನನಗೆ ಮಾತ್ರ ದುಡ್ಡು. ಮಕ್ಕಳ ಆಸ್ಪತ್ರೆಯಲ್ಲಿ ನೋಂದಣಿ ಆಯಿತು. ಜೆನೆಟಿಕ್ ರಿಪೋರ್ಟಿನ ಮೂಲ ಪ್ರತಿ ಕೇಳಿದರು, ಅದನ್ನು ಒಯ್ದಿದ್ದು ಒಳ್ಳೆಯದಾಯಿತು. ಜೆರಾಕ್ಸ್ ಮಾತ್ರ ತಂದಿದ್ದ ಹಾಸನದ ಕಡೆಯವರೊಬ್ಬರು ವಾಪಸ್ ಹೋಗಬೇಕಾಯಿತು, ಹೋಗುವವರು ನೆನಪಿಡಿ. ಫೈಲು ಸಮಿತಿಯ ಮುಂದೆ ಹೋಗಬೇಕು, ಮಂಜೂರಾತಿಗೆ ಕಾಯಬೇಕು. ಎಷ್ಟು ದಿನ ಅಂತ ಹೇಳಲಿಲ್ಲ. ಅಂದಾಜು ಪತ್ರದಲ್ಲಿ ಗೋಣಿಕೊಪ್ಪದ ತಂಗಿ ಹೇಳಿದ ಆ ಒಂದು ಸಾಲು ಬರೆಸಿದ್ದೇನೆ. ಅದರ ಪ್ರತಿ ಶಾಸಕರ ಕಚೇರಿಗೂ ಕೊಟ್ಟಾಯಿತು.

ಕಾಯುವ ಹೊತ್ತಿಗೆ ಅಂತ ಎರಡು ಬಾಟಲಿ ಕೊಂಡೆವು. ಫಾರ್ಮಸಿಯಲ್ಲೇ ಕಲಸಿ, ಬಾಟಲಿ ಮೇಲೆ ತಾರೀಕು ಬರೆದುಕೊಟ್ಟರು. ಐಸ್ ಪ್ಯಾಕ್ ಹಾಕಿದ ಡಬ್ಬಿಯನ್ನು ಹೆಂಡತಿ ಬೆಂಗಳೂರಿನಿಂದ ಮಡಿಕೇರಿವರೆಗೆ ತೊಡೆಯಿಂದ ಇಳಿಸಲಿಲ್ಲ. ನಿನ್ನೆ ರಾತ್ರಿ ಊಟವಾದ ಮೇಲೆ ಮೊದಲ ಡೋಸು ಕೊಟ್ಟೆವು. ಸಿರಿಂಜ್ ಹಿಡಿದ ನನ್ನ ಕೈ ನಡುಗುತ್ತಿತ್ತು. ‘ಅಪ್ಪ, ನಾನೇ ಒತ್ತಲಾ?’ ಅಂತ ಅವಳೇ ಹಿಡಿದು ಒತ್ತಿಕೊಂಡಳು.

ಫಾರ್ಮಸಿಸ್ಟ್ ಸರ್, ನಮ್ಮೂರಲ್ಲಿ ಜನರೇಟರ್ ಇರುವುದು ಎಸ್ಟೇಟ್ ಬಂಗಲೆಯಲ್ಲಿ ಮಾತ್ರ. ಅವರ ಹತ್ತಿರ ಕೇಳಿದ್ದೇನೆ, ಮಳೆಗಾಲಕ್ಕೆ ಫ್ರಿಜ್ಜಿನಲ್ಲಿ ಒಂದು ತಟ್ಟೆ ಬಿಟ್ಟುಕೊಡುತ್ತೇವೆ ಅಂದಿದ್ದಾರೆ. ಥರ್ಮಾಮೀಟರ್ ಯಾವುದು ಕೊಳ್ಳಲಿ ಅಂತ ಹೇಳುತ್ತೀರಾ?